ಬೆಕ್ಕು-ನಾಯಿ ಮನೆ ಕೆಡಿಸಿದರೆ ಏನು ಮಾಡೋಣ?

ಮಳೆಗಾಲದ ದಿನ. ಬಾಗಿಲು, ಕಿಟಕಿ ಮುಚ್ಚಿವೆ. ಮನೆಗೆ ನೆಂಟರು ಬಂದಿದ್ದಾರೆ. "ಏನೋ ವಾಸನೆ ಬರ್ತಾ ಇದೆಯಲ್ಲ?" ಅನ್ನುತ್ತಾರೆ. ನಮಗೆ ನಾಚಿಕೆ ಆಗುತ್ತದೆ. ಬೆಳಿಗ್ಗೆ ತಾನೇ ನೆಲ ಒರೆಸಿದ್ದೇವೆ. ಫಿನಾಯಿಲ್ ಹಾಕಿದ್ದೇವೆ. ಊದಿನಕಡ್ಡಿಯನ್ನೂ ಹಚ್ಚಿದ್ದೇವೆ. ಆದರೂ ಬೆಕ್ಕಿನ ಉಚ್ಚೆಯ ನಾತ ಹೋಗಿಲ್ಲ. ಯಾಕೆ?

ನಾತ ಯಾಕೆ ಹೋಗುವುದಿಲ್ಲ?

ಉಚ್ಚೆಯ ನೀರು ಆರಿಹೋಗುತ್ತದೆ. ಆದರೆ ಅದರಲ್ಲಿರುವ ಉಪ್ಪಿನಂಥ ಪದಾರ್ಥ ನೆಲದಲ್ಲೇ ಉಳಿಯುತ್ತದೆ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದಾಗ ಮತ್ತೆ ನಾತ ಏಳುತ್ತದೆ. ಅದಕ್ಕೇ ಮಳೆಗಾಲದಲ್ಲಿ ನಾತ ಹೆಚ್ಚು.

ಊದಿನಕಡ್ಡಿ ನಾತವನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ನಾಯಿ, ಬೆಕ್ಕುಗಳ ಮೂಗು ಬಹಳ ಚುರುಕು. ಹಳೆಯ ವಾಸನೆ ಹಿಡಿದು ಅವು ಅದೇ ಜಾಗಕ್ಕೆ ಮತ್ತೆ ಬರುತ್ತವೆ. ಹೊಡೆದರೆ ಪ್ರಯೋಜನವಿಲ್ಲ. ವಾಸನೆಯ ಮೂಲವನ್ನೇ ತೆಗೆಯಬೇಕು.

ಮೊದಲು ಮಾಡುವ ಕೆಲಸ

ಕಂಡ ಕೂಡಲೇ ಹಳೆಯ ಹತ್ತಿ ಬಟ್ಟೆ ಇಟ್ಟು ಒತ್ತಿ. ಉಜ್ಜಬೇಡಿ. ಉಜ್ಜಿದರೆ ಕಲೆ ಅಗಲವಾಗುತ್ತದೆ. ಆಮೇಲೆ ತಣ್ಣೀರು ಹಾಕಿ ಮತ್ತೆ ಒತ್ತಿ ತೆಗೆಯಿರಿ. ಬಿಸಿನೀರು ಬೇಡ. ಬಿಸಿಗೆ ಕಲೆ ಕಚ್ಚಿಕೊಳ್ಳುತ್ತದೆ.

ನೆಲ ಯಾವುದು ಅಂತ ನೋಡಿ

ಮಣ್ಣಿನ ನೆಲ: ಇದು ಉಚ್ಚೆಯನ್ನು ಕುಡಿದುಬಿಡುತ್ತದೆ. ಮೇಲೆ ಸಾರಿಸಿದರೆ ನಾತ ಒಳಗೇ ಉಳಿಯುತ್ತದೆ. ನೆಂದ ಮಣ್ಣನ್ನು ಕೆರೆದು ಹೊರಗೆ ಹಾಕಿ. ಹೊಸ ಮಣ್ಣು ತುಂಬಿ, ಬಡಿದು ಗಟ್ಟಿ ಮಾಡಿ. ಒಣಗಿದ ಮೇಲೆ ಸಾರಿಸಿ.

ಸಿಮೆಂಟು, ಶಹಾಬಾದ್ ಕಲ್ಲು: ಇವುಗಳ ಮೇಲೆ ನಿಂಬೆಹುಳಿ, ವಿನೆಗರ್, ಆಸಿಡ್ ಹಾಕಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಹುಳಿ ಅದನ್ನು ತಿನ್ನುತ್ತದೆ, ಹೊಳಪು ಹೋಗುತ್ತದೆ. ಸೋಪಿನ ಪುಡಿಯ ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ. ನೆಲ ಇನ್ನೂ ತುಸು ಹಸಿ ಇರುವಾಗ ಅಡಿಗೆ ಸೋಡಾ ಉದುರಿಸಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಗುಡಿಸಿ, ಒರೆಸಿ.

ನುಣುಪಾದ ಟೈಲ್ಸ್: ಒಂದು ಲೋಟ ವಿನೆಗರ್‌ಗೆ ಒಂದು ಲೋಟ ನೀರು ಬೆರೆಸಿ ಹಾಕಿ. 10 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಟೈಲ್ಸ್ ನಡುವಿನ ಸಂದಿಯನ್ನು ಮರೆಯಬೇಡಿ.

ಮಂಚ, ಕುರ್ಚಿ, ಹಾಸಿಗೆ

ಮರದ ಸಾಮಾನಿಗೆ ನೀರು ಸುರಿಯಬೇಡಿ, ಮರ ಉಬ್ಬುತ್ತದೆ. ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ನೆರಳಿನಲ್ಲಿ ಗಾಳಿಗೆ ಒಣಗಿಸಿ.

ಹತ್ತಿ ಹಾಸಿಗೆಯಾದರೆ ಹೊಲಿಗೆ ಬಿಚ್ಚಿ, ನೆಂದ ಹತ್ತಿಯನ್ನು ತೆಗೆದುಹಾಕಿ. ಕವರನ್ನು ತೊಳೆಯಿರಿ. ಕೌದಿ, ಚಾದರಗಳನ್ನು ತಣ್ಣೀರಿನಲ್ಲಿ ಒಗೆದು ಒಳ್ಳೆಯ ಬಿಸಿಲಿಗೆ ಹಾಕಿ.

ಎಚ್ಚರ! ಎರಡನ್ನು ಬೆರೆಸಬೇಡಿ

"ಬ್ಲೀಚಿಂಗ್ ಪುಡಿ, ಆಸಿಡ್ ಎರಡೂ ಸೇರಿಸಿದರೆ ಬೇಗ ಹೋಗುತ್ತೆ" ಅಂತ ನಮ್ಮಲ್ಲಿ ಕೆಲವರು ಅಂದುಕೊಳ್ಳುತ್ತೇವೆ. ಇದು ಪ್ರಾಣಕ್ಕೇ ಅಪಾಯ. ಬ್ಲೀಚಿಂಗ್ ಪುಡಿಗೆ ಆಸಿಡ್ ಇಲ್ಲವೇ ವಿನೆಗರ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಉಚ್ಚೆಯ ಮೇಲೆ ನೇರವಾಗಿ ಬ್ಲೀಚಿಂಗ್ ಪುಡಿ ಹಾಕಿದರೂ ಕೆಟ್ಟ ಗಾಳಿ ಬರುತ್ತದೆ. ಕಣ್ಣು ಉರಿದರೆ, ಕೆಮ್ಮು ಬಂದರೆ, ಉಸಿರು ಕಟ್ಟಿದರೆ ಕೆಲಸ ಬಿಟ್ಟು ತಕ್ಷಣ ಹೊರಗೆ ಬನ್ನಿ. ಮಕ್ಕಳನ್ನೂ ಕರೆತನ್ನಿ. ಉಸಿರಾಟ ಸರಿಯಾಗದಿದ್ದರೆ ಆಸ್ಪತ್ರೆಗೆ ಹೋಗಿ.

ಫಿನಾಯಿಲ್ ಬೆಕ್ಕಿಗೆ ವಿಷ. ಹಸಿ ನೆಲದಲ್ಲಿ ನಡೆದು ಅದು ತನ್ನ ಕಾಲು ನೆಕ್ಕುತ್ತದೆ. ನೆಲ ಒಣಗುವವರೆಗೆ ಅದನ್ನು ಒಳಗೆ ಬಿಡಬೇಡಿ.

ಬಸುರಿಯರು ಬೆಕ್ಕಿನ ಮಲ ತೆಗೆಯುವುದು ಬೇಡ. ಅದರಲ್ಲಿರಬಹುದಾದ ಒಂದು ರೋಗಾಣು ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡಬಹುದು. ಈ ಕೆಲಸವನ್ನು ಗಂಡನೋ, ಮನೆಯ ಬೇರೆಯವರೋ ಮಾಡಲಿ. ಹೆಂಗಸರದೇ ಕೆಲಸ ಅಂತ ಎಲ್ಲೂ ಬರೆದಿಲ್ಲ! ಮಲವನ್ನು ಅಂದಂದೇ ತೆಗೆಯಬೇಕು. ಒಂದು ದಿನ ಕಳೆದ ಮೇಲೆ ಆ ರೋಗಾಣು ರೋಗ ಹರಡುವ ಶಕ್ತಿ ಪಡೆಯುತ್ತದೆ. ಯಾರೇ ತೆಗೆದರೂ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಲಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಲಿ.

ಹೊರಗೆ ಹೋಗುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮನೆಯೊಳಗೇ ಉಚ್ಚೆ ಹೊಯ್ಯುತ್ತಿದೆಯೇ? ಅದಕ್ಕೆ ಕಾಯಿಲೆ ಇರಬಹುದು. ಮುಕ್ಕಿದರೂ ಉಚ್ಚೆ ಬರದಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಪಾಪ, ಅದಕ್ಕೆ ಬಾಯಿಲ್ಲ. ಹೇಳಿಕೊಳ್ಳಲು ಬರುವುದಿಲ್ಲ.

ಓದಿ, ಬರೆದು ಅಂಟಿಸಿ

ನಾವು ಅಕ್ಷರ ಕಲಿತದ್ದು ಸಹಿ ಹಾಕುವುದಕ್ಕೆ ಮಾತ್ರ ಅಲ್ಲ. ಡಬ್ಬಿ, ಬಾಟಲಿಗಳ ಮೇಲೆ ಏನು ಬರೆದಿದೆ ಅಂತ ಓದೋಣ. ಕನ್ನಡದಲ್ಲಿ ಇಲ್ಲದಿದ್ದರೆ ಅಂಗಡಿಯವರನ್ನು ಕೇಳೋಣ. ಆಸಿಡ್, ಫಿನಾಯಿಲ್‌ಗಳನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಡುವುದು ಬೇಡ. ಇವತ್ತೇ ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮ ಕೈಯಾರೆ ದೊಡ್ಡಕ್ಷರದಲ್ಲಿ ಹೀಗೆ ಬರೆದು ಡಬ್ಬಿಗೆ ಅಂಟಿಸಿ:

"ಬ್ಲೀಚಿಂಗ್ ಪುಡಿ. ಬೇರೆ ಯಾವುದನ್ನೂ ಬೆರೆಸಬಾರದು. ಮಕ್ಕಳು ಮುಟ್ಟಬಾರದು."