ವ್ಯೋಮನೌಕೆಯ ಕಥೆಯಲ್ಲಿ ಸತ್ಯದ ಸ್ಥಾನ

ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಬರೆದ ಕಥೆಯಲ್ಲಿ, ಚಂದ್ರಲೋಕದಿಂದ ಮರಳುತ್ತಿದ್ದ ವ್ಯೋಮನೌಕೆಯೊಂದು ಸಿಡಿಲಿನಂತಹ ಶಬ್ದದೊಡನೆ ಸಿಡಿದು, ಅದರಲ್ಲಿದ್ದವರೆಲ್ಲರೂ ಮೃತರಾದರು. ಭಾಷೆಯು ಅಂದವಾಗಿದ್ದಿತು, ಆದರೆ ಶೂನ್ಯದಲ್ಲಿ ಶಬ್ದವನ್ನು ಹೊತ್ತು ತರುವುದಕ್ಕೆ ವಾಯುವೇ ಇಲ್ಲವಷ್ಟೆ. ಇದನ್ನು ತಿಳಿಸಲು ಅವಳು, “ಇದು ಕಥೆಯಲ್ಲವೆ, ಅಮ್ಮಾ?” ಎಂದಳು. ಆ ಪ್ರಶ್ನೆಯ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆಯೂ ಇಡಬಯಸುತ್ತೇನೆ.

ನಿಜವಾಗಿ ನಡೆದ ದುರಂತಗಳು ಅಲ್ಪ ಕಾರಣಗಳಿಂದ ಹುಟ್ಟಿದವು. 1971ನೆಯ ಇಸವಿ ಜೂನ್ 30ರಂದು ರಷ್ಯನರ ಸೋಯುಜ್ 11 ನೌಕೆಯು ಭೂಮಿಗೆ ಮರಳುವಾಗ, ಸುಮಾರು 168 ಕಿಲೋಮೀಟರು ಎತ್ತರದಲ್ಲಿ ಸಣ್ಣ ಕವಾಟವೊಂದು ಅಕಾಲದಲ್ಲಿ ತೆರೆಯಿತು. ಒಳಗಿನ ಗಾಳಿಯು ಬೇಗನೆ ಸೋರಿಹೋಯಿತು. ರಕ್ಷಣೆಯ ಉಡುಪನ್ನು ತೊಟ್ಟಿರದ ಮೂವರು ಯಾತ್ರಿಕರೂ ಪ್ರಾಣಬಿಟ್ಟರು. ಬೆಂಕಿಯೂ ಇಲ್ಲ, ಸ್ಫೋಟವೂ ಇಲ್ಲ. ನೌಕೆಯು ಪ್ಯಾರಾಷೂಟಿನಿಂದ ಕ್ರಮವಾಗಿಯೇ ನೆಲಕ್ಕಿಳಿಯಿತು.

ನಮ್ಮ ಕಲ್ಪನಾ ಚಾವ್ಲಾ ಮೊದಲಾದ ಏಳು ಮಂದಿ ಇದ್ದ ಕೊಲಂಬಿಯಾ ನೌಕೆಯು 2003ನೆಯ ಜನವರಿ 16ರಂದು ಮೇಲೇರಿತು. ಸುಮಾರು 82 ಸೆಕೆಂಡುಗಳ ತರುವಾಯ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಹಗುರವಾದ ನೊರೆಯ ತುಂಡು ಇಂಧನದ ತೊಟ್ಟಿಯಿಂದ ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ರೆಕ್ಕೆಯ ಚಿತ್ರಗಳನ್ನು ತೆಗೆಸಬೇಕೆಂದು ಕೆಲವು ಇಂಜಿನಿಯರುಗಳು ಕೇಳಿಕೊಂಡರೂ ಅದು ನೆರವೇರಲಿಲ್ಲ. ಫೆಬ್ರವರಿ 1ರಂದು ಮರಳುವಾಗ ಆ ಬಿರುಕಿನಿಂದ ಅತ್ಯುಷ್ಣವಾದ ವಾಯುವು ಒಳಹೊಕ್ಕಿತು. ಭೂಸ್ಪರ್ಶಕ್ಕೆ 16 ನಿಮಿಷಗಳಿರುವಾಗ ನೌಕೆಯು ಟೆಕ್ಸಾಸ್ ಪ್ರಾಂತದ ಮೇಲೆ ಛಿದ್ರವಾಯಿತು.

ಕಥೆ ಬರೆಯುವವಳಿಗೆ ಬೇಕಾದ ವಸ್ತುವು ಆ ಜ್ವಾಲೆಯಲ್ಲಿಲ್ಲ. ಏರಿದ ದಿನಕ್ಕೂ ಇಳಿದ ದಿನಕ್ಕೂ ನಡುವಣ 16 ದಿವಸಗಳಲ್ಲಿದೆ. ಸಂದೇಹಪಟ್ಟವರಾರು, ಕೇಳಿದವರಾರು, ಕೇಳಿಯೂ ಸುಮ್ಮನಾದವರಾರು ಎಂಬುದನ್ನು ವಿಚಾರಿಸಿದರೆ ಮಾತ್ರ ಓದುಗರ ಮನಸ್ಸು ಕರಗುವುದು. ಕಾರಣವಿಲ್ಲದ ಸ್ಫೋಟವು ಬೆರಗನ್ನು ಹುಟ್ಟಿಸಬಲ್ಲದು. ದುಃಖವನ್ನಾಗಲಿ ಎಚ್ಚರವನ್ನಾಗಲಿ ಹುಟ್ಟಿಸಲಾರದು. ಪಾತ್ರಗಳು ಕಲ್ಪಿತವಾಗಿರಲಿ, ನೌಕೆಯೂ ಕಲ್ಪಿತವಾಗಿರಲಿ; ಪ್ರಕೃತಿನಿಯಮವು ಮಾತ್ರ ಕಲ್ಪಿತವಾಗಿರಬಾರದು.

ಈ ವಿಷಯವು ನಮಗೆ ದೂರದ್ದಲ್ಲ. ಹಲಸೂರು, ಇಂದಿರಾನಗರಗಳನ್ನು ದಾಟಿದರೆ ಸಿಕ್ಕುವ ವಿಮಾನಪುರದಲ್ಲಿ ವಾಯುಪಡೆಯ ವೈದ್ಯಸಂಸ್ಥೆಯಿದೆ. ಗಗನಯಾನಕ್ಕಾಗಿ ವಿಮಾನಚಾಲಕರನ್ನು 2019ರಲ್ಲಿ ಪರೀಕ್ಷಿಸಿದ್ದು ಅಲ್ಲಿಯೇ. ಅಂತಹವರ ಪ್ರಾಣವು ಒಂದು ಕವಾಟದ ಮೇಲೆ, ಒಬ್ಬರ ಪ್ರಾಮಾಣಿಕವಾದ ಪ್ರಶ್ನೆಯ ಮೇಲೆ ನಿಂತಿರುವುದು. ಇದನ್ನರಿತು ಬರೆಯುವುದೇ ಮಡಿದವರಿಗೆ ನಾವು ಸಲ್ಲಿಸತಕ್ಕ ಗೌರವ.

ಆ ವಿದ್ಯಾರ್ಥಿನಿಯು ಕಥೆಯನ್ನು ತಿದ್ದಿ ಬರೆದಿದ್ದಾಳೆ. ಈಗ ಅದರಲ್ಲಿ ಸಿಡಿಲಿಲ್ಲ. ಸಡಿಲವಾದ ತಿರುಪೊಂದಿದೆ, ಅದನ್ನು ಕಂಡೂ ಹೇಳದೆ ಹೋದವನೊಬ್ಬನಿದ್ದಾನೆ.