ತುಂಡಾದ ನರ ಮತ್ತೆ ಬೆಳೆಯುವ ಬಗೆ

ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈಕಾಲುಗಳ ಸ್ನಾಯು, ಚರ್ಮಗಳನ್ನು ಮುಟ್ಟುವ ನರಗಳಿಗೆ ಬಾಹ್ಯ ನರಗಳೆಂದು ಹೆಸರು. ಮಿದುಳು, ಬೆನ್ನುಹುರಿಗಳ ಒಳಗಿನ ತಂತುಗಳು ತುಂಡಾದರೆ ಮತ್ತೆ ಬೆಳೆದು ಕೂಡಿಕೊಳ್ಳುವುದಿಲ್ಲವೆಂದೇ ಹೇಳಬೇಕು. ಬಾಹ್ಯ ನರಗಳಿಗೆ ಆ ಶಕ್ತಿ ಉಂಟು. ಆದರೆ ಅವು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದಂಗುಲ. ಚಿಕಿತ್ಸೆಯ ಫಲಾಫಲವೆಲ್ಲ ಈ ಲೆಕ್ಕವನ್ನೇ ಅವಲಂಬಿಸಿದೆ.

ಮರಾಠವಾಡದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ್, ಕಲಬುರಗಿ ಜಿಲ್ಲೆಗಳಿಗೆ ಅಂಟಿಕೊಂಡ ಕನ್ನಡ–ಮರಾಠಿ ಸೀಮೆ. ಇಂಥ ಕೃಷಿ ಸೀಮೆಯಲ್ಲಿ ನರಕ್ಕೆ ಪೆಟ್ಟು ಬೀಳುವ ದಾರಿಗಳು ಹಲವು. ಕಬ್ಬು ಕಡಿಯುವ ಕೊಯ್ತಾ ಜಾರಿದರೆ ಮಣಿಕಟ್ಟಿನ ನರ ಕತ್ತರಿಸುತ್ತದೆ. ಸೋಯಾ ರಾಶಿ ಮಷಿನ್ ಕೈಯನ್ನು ಜಜ್ಜುತ್ತದೆ. ಉಮರ್ಗಾದ ಮೇಲೆ ಹಾಯುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಂಥ ರಸ್ತೆಗಳಲ್ಲಿ ಬೈಕಿನಿಂದ ಭುಜ ಕೆಳಗಾಗಿ ಬಿದ್ದವರಿಗೆ ಕತ್ತಿನಿಂದ ತೋಳಿಗೆ ಬರುವ ನರಗುಚ್ಛವೇ ಎಳೆದು ಹರಿಯಬಹುದು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಈ ಭಾಗದ ಕಲ್ಲು–ಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಅಂಥ ಭಾರದಡಿ ತಾಸುಗಟ್ಟಲೆ ಸಿಕ್ಕಿಬಿದ್ದ ಕೈಕಾಲುಗಳ ನರಗಳೂ ಸೋಲುತ್ತವೆ. ಕುಂಡೆಯ ಮೇಲೆ ತಪ್ಪು ಜಾಗದಲ್ಲಿ ಚುಚ್ಚಿದ ಇಂಜೆಕ್ಷನ್ನಿನಿಂದ ಮಗುವಿನ ಪಾದ ಜೋತುಬೀಳುವುದೂ ಉಂಟು.

ಈ ಪೆಟ್ಟುಗಳನ್ನು ಬ್ರಿಟನ್ನಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ನರ ಒತ್ತಡಕ್ಕೆ ಸಿಕ್ಕಿ ಸಂದೇಶ ಸಾಗಿಸುವುದನ್ನು ನಿಲ್ಲಿಸಿರುತ್ತದೆ, ಅಷ್ಟೇ. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ತಂತುಗಳು ಹರಿದಿದ್ದರೂ ಹೊರಗಿನ ಕವಚ ಉಳಿದಿರುತ್ತದೆ. ತಂತುಗಳು ಅದೇ ಕವಚದೊಳಗೆ ಮತ್ತೆ ಬೆಳೆಯುತ್ತವೆ. ಮೂರನೆಯದರಲ್ಲಿ ಇಡೀ ನರವೇ ತುಂಡು. ಇದು ಶಸ್ತ್ರಚಿಕಿತ್ಸೆಯಿಲ್ಲದೆ ಸರಿಹೋಗದು.

ತುಂಡಾದ ನರದೊಳಗೆ ಏನಾಗುತ್ತದೆಂಬುದನ್ನು ವಿಜ್ಞಾನಿ ಅಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ತೋರಿಸಿದರು. ಗಾಯದಿಂದ ಆಚೆಗಿನ ತಂತುಗಳು ಜೀವಕೋಶದ ಸಂಪರ್ಕ ಕಡಿದುಕೊಂಡು ಕೆಲವು ದಿನಗಳಲ್ಲಿ ಚೂರುಚೂರಾಗುತ್ತವೆ. ಆ ಕಸವನ್ನು ರಕ್ತದಿಂದ ಬಂದ ಭಕ್ಷಕ ಕೋಶಗಳೂ ನರತಂತುಗಳನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳೂ ತೆಗೆದುಹಾಕುತ್ತವೆ. ಬಳಿಕ ಶ್ವಾನ್ ಕೋಶಗಳು ಸಾಲುಗಟ್ಟಿ ನಿಂತು, ಬೆಳವಣಿಗೆಗೆ ಬೇಕಾದ ಪ್ರೋಟೀನುಗಳನ್ನು ಸ್ರವಿಸುತ್ತವೆ. ಈಚೆ ತುದಿಯಿಂದ ಹೊರಟ ಎಳೆಯ ತಂತುಗಳು ಈ ಸಾಲುಗಳನ್ನು ಹಿಡಿದು ಮುಂದೆ ಸಾಗುತ್ತವೆ. ಎರಡು ತುದಿಗಳ ನಡುವೆ ಅಂತರವಿದ್ದರೆ ಅವು ದಾರಿ ತಪ್ಪಿ ಗಂಟು ಕಟ್ಟಿಕೊಳ್ಳುತ್ತವೆ; ಮುಟ್ಟಿದರೆ ಮಿಂಚು ಹೊಡೆದಂತೆ ನೋಯುವ ಆ ಗಂಟಿಗೆ ನ್ಯೂರೋಮಾ ಎನ್ನುತ್ತಾರೆ.

ಇತ್ತ ಸ್ನಾಯು ಬಹಳ ಕಾಲ ಕಾಯಲಾರದು. ನರದ ಸಂಪರ್ಕವಿಲ್ಲದ ಸ್ನಾಯು ಸೊರಗುತ್ತ ಹೋಗಿ, 12ರಿಂದ 18 ತಿಂಗಳಲ್ಲಿ ಮತ್ತೆ ಚೇತರಿಸಿಕೊಳ್ಳಲಾಗದ ಸ್ಥಿತಿಗೆ ಬರುತ್ತದೆ. ಮಣಿಕಟ್ಟಿನಲ್ಲಿ ಗಾಯವಾದರೆ ತಂತುಗಳು ಅಂಗೈಯ ಸ್ನಾಯು ತಲುಪಲು ಮೂರು–ನಾಲ್ಕು ತಿಂಗಳು ಸಾಕು. ಮೊಣಕೈಯಲ್ಲಾದರೆ ಹತ್ತು ತಿಂಗಳಿಗೂ ಮಿಕ್ಕು ಬೇಕು. ಭುಜದ ಬಳಿ ಹರಿದರೆ ಬೆರಳ ತನಕ ಸುಮಾರು ಎರಡು ವರ್ಷ. ಅಷ್ಟರಲ್ಲಿ ಸ್ನಾಯು ಕೈಬಿಟ್ಟಿರುತ್ತದೆ. ಸ್ಪರ್ಶಜ್ಞಾನ ಮಾತ್ರ ತಡವಾಗಿಯಾದರೂ ಒಂದಿಷ್ಟು ಮರಳಬಹುದು.

ಹರಿತವಾದ ಆಯುಧದಿಂದ ಕತ್ತರಿಸಿದ ನರವನ್ನು ಕೆಲವೇ ದಿನಗಳೊಳಗೆ ಹೊಲಿಯುವುದು ಒಳ್ಳೆಯದು. ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಡಿ ಎರಡು ತುದಿಗಳನ್ನೂ ಆರೋಗ್ಯವಂತ ಭಾಗ ಕಾಣುವವರೆಗೆ ಕತ್ತರಿಸಿ, ನರದ ಮೇಲೆ ಹರಿಯುವ ಸಣ್ಣ ರಕ್ತನಾಳದ ಗುರುತು ಹಿಡಿದು ತಂತುಗುಚ್ಛಗಳನ್ನು ಒಂದಕ್ಕೊಂದು ಎದುರಾಗಿ ಕೂಡಿಸುತ್ತಾರೆ. ಹೊಲಿಗೆ ಬೀಳುವುದು ಹೊರಕವಚಕ್ಕೆ ಮಾತ್ರ. ಅದಕ್ಕೆ ಬಳಸುವ ನೈಲಾನ್ ದಾರ ತಲೆಗೂದಲಿಗಿಂತ ತೆಳು. ತುದಿಗಳನ್ನು ಬಿಗಿಯಾಗಿ ಎಳೆದು ಕಟ್ಟಿದರೆ ರಕ್ತಸಂಚಾರ ನಿಂತು ಹೊಲಿಗೆ ಸೋಲುತ್ತದೆ. ಆದ್ದರಿಂದ ಅಂತರ ಹೆಚ್ಚಿದ್ದಾಗ ಕಾಲಿನ ಹಿಂಭಾಗದ ಸೂರಲ್ ನರವನ್ನು ತೆಗೆದು ನಡುವೆ ಕಸಿ ಮಾಡುತ್ತಾರೆ. ಅದನ್ನು ತೆಗೆದ ಮೇಲೆ ಪಾದದ ಹೊರಅಂಚಿನಲ್ಲಿ ಜೋಮು ಉಳಿಯುತ್ತದೆ, ನಡಿಗೆಗೆ ತೊಂದರೆಯಿಲ್ಲ.

ಜಜ್ಜಿದ ಗಾಯದಲ್ಲಿ ಕೆಟ್ಟ ಭಾಗ ಎಲ್ಲಿಯವರೆಗೆ ಎಂಬುದು ಕೂಡಲೇ ತಿಳಿಯದು. ಅದಕ್ಕೆ ಮೂರು ವಾರ ಕಾಯುತ್ತಾರೆ. ಚರ್ಮ ಹರಿಯದ ಪೆಟ್ಟಾದರೆ ನರ ಪರೀಕ್ಷೆ ಮಾಡಿಸುತ್ತ ಮೂರು ತಿಂಗಳು ನೋಡಿ, ಚೇತರಿಕೆಯ ಸುಳಿವಿಲ್ಲದಿದ್ದರೆ ತೆರೆಯುತ್ತಾರೆ. ಭುಜದ ನರಗುಚ್ಛದ ಗಾಯಗಳಿಗೆ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಅಲ್ಲಿ ಹತ್ತಿರದ ಒಳ್ಳೆಯ ನರದ ಒಂದೆಳೆಯನ್ನು ಸತ್ತ ನರಕ್ಕೆ ಕೂಡಿಸುವ ವಿಧಾನವಿದೆ. ಫ್ರಾನ್ಸಿನ ಶಸ್ತ್ರವೈದ್ಯ ಕ್ರಿಸ್ಟೋಫ್ ಒಬರ್ಲಿನ್ 1994ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಕಿರುಬೆರಳ ಕಡೆಗೆ ಹೋಗುವ ಅಲ್ನಾರ್ ನರದ ಒಂದು ಗುಚ್ಛವನ್ನು ತೋಳಿನ ಬೈಸೆಪ್ಸ್ ಸ್ನಾಯುವಿನ ನರಕ್ಕೆ ಜೋಡಿಸುತ್ತಾರೆ. ದಾರಿ ಕೆಲವೇ ಅಂಗುಲವಾದ್ದರಿಂದ ಮೊಣಕೈ ಮಡಚುವ ಬಲ ಬೇಗ ಮರಳುತ್ತದೆ.

ಕಾಲ ಮೀರಿದವರಿಗೂ ಒಂದು ದಾರಿಯಿದೆ: ಕೆಲಸ ಮಾಡುವ ಸ್ನಾಯುವಿನ ಸ್ನಾಯುರಜ್ಜುವನ್ನು ಬೇರೆಡೆಗೆ ತಿರುಗಿಸುವುದು. ಕುಷ್ಠರೋಗದಲ್ಲಿ ನರ ಸತ್ತು ಬೆರಳು ಮಡಚಿಕೊಂಡವರಿಗೆ ಶಸ್ತ್ರವೈದ್ಯ ಪಾಲ್ ಬ್ರಾಂಡ್ 1940ರ ದಶಕದ ಕೊನೆಯಿಂದ ವೆಲ್ಲೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿ ಜಗತ್ತಿಗೆ ಮಾದರಿಯಾದರು. ಜೋತುಬಿದ್ದ ಪಾದವನ್ನೂ ಹೀಗೆಯೇ ಎತ್ತಿಸಬಹುದು.

ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಕೀಲುಗಳು ಬಿಗಿಯದಂತೆ ದಿನವೂ ಆಡಿಸಬೇಕು, ಸ್ಪ್ಲಿಂಟ್ ಧರಿಸಬೇಕು. ಸ್ಪರ್ಶವಿಲ್ಲದ ಬೆರಳು ಒಲೆ, ಚಹಾದ ಲೋಟಗಳಿಗೆ ಸುಡದಂತೆ ಕಣ್ಣಿಡಬೇಕು.

ಗಾಯವಾದ ದಿನವೇ ಮಾಡಬೇಕಾದದ್ದು ಸರಳ. ರಕ್ತ ನಿಲ್ಲಿಸಲು ಬಟ್ಟೆಯಿಂದ ಒತ್ತಿ ಹಿಡಿಯಿರಿ. ಚರ್ಮಕ್ಕೆ ಹೊಲಿಗೆ ಬೀಳುವ ಮುನ್ನ, ಜೋಮಿನ ಮದ್ದು ಚುಚ್ಚುವ ಮುನ್ನ, ಕಿರುಬೆರಳ ತುದಿ, ತೋರುಬೆರಳ ತುದಿಗಳಲ್ಲಿ ಸ್ಪರ್ಶ ತಿಳಿಯುತ್ತದೆಯೇ, ಬೆರಳು ಅಗಲಿಸಲು, ಮಣಿಕಟ್ಟು ಎತ್ತಲು ಬರುತ್ತದೆಯೇ ನೋಡುವಂತೆ ವೈದ್ಯರನ್ನು ಕೇಳಿ. ಇಲ್ಲವೆಂದಾದರೆ ಚರ್ಮ ಕೂಡಿತೆಂದು ಸುಮ್ಮನಿರಬೇಡಿ. ಲಾತೂರು, ಸೊಲ್ಲಾಪುರ, ಬೀದರ್, ಕಲಬುರಗಿ ನಾಲ್ಕೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅದೇ ವಾರ ಅಲ್ಲಿಗೆ ಹೋಗಿ ತೋರಿಸಿ, ನರ ಹೊಲಿಯುವ ತಜ್ಞರು ಎಲ್ಲಿ ಸಿಗುತ್ತಾರೆಂದು ವಿಚಾರಿಸಿ.