ಹೂಮಳೆ ಮತ್ತು ಕಾಫಿಯ ಮೊಗ್ಗು: ಒಣಹವೆಯ ಸಸ್ಯಕ್ರಿಯೆ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ಸೀಮೆಯಲ್ಲಿ ಬೇಸಿಗೆಯ ಆರಂಭಕ್ಕೆ ಬೀಳುವ ಮೊದಲ ಹದಮಳೆಯನ್ನು ಬೆಳೆಗಾರರು ‘ಹೂಮಳೆ’ ಎನ್ನುತ್ತಾರೆ. ಈ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಲೇ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಸುವ ಪರಿಮಳ ಹರಡುತ್ತದೆ. ಎರಡು ಮೂರು ದಿನಗಳಲ್ಲಿ ಹೂಗಳು ಬಾಡುತ್ತವೆ. ಮುಂದಿನ ವರ್ಷದ ಫಸಲಿನ ಬಹುಭಾಗ ಈ ಅಲ್ಪಾವಧಿಯಲ್ಲೇ ನಿರ್ಧಾರವಾಗುತ್ತದೆ. ಮಳೆ ಹೂವನ್ನು ತರುತ್ತದೆ ಎಂಬ ಲೋಕಾನುಭವ ಸತ್ಯವೇ. ಆದರೆ ಸಸ್ಯಕ್ರಿಯಾವಿಜ್ಞಾನದ ದೃಷ್ಟಿಯಿಂದ ಅದು ಅರ್ಧ ಸತ್ಯ. ಮಳೆಗೆ ಮುಂಚಿನ ಒಣಹವೆಯೂ ಮಳೆಯಷ್ಟೇ ಅಗತ್ಯವೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊಗ್ಗಿನ ಸುಪ್ತಾವಸ್ಥೆ

ಕಾಫಿ ಗಿಡದಲ್ಲಿ ಎಲೆಗಳು ಜೋಡಿಜೋಡಿಯಾಗಿ ಹುಟ್ಟುತ್ತವೆ. ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಹಲವು ಮೊಗ್ಗುಗಳಿರುತ್ತವೆ. ಇವು ರೆಂಬೆಗಳಾಗದೆ ಹೂಮೊಗ್ಗುಗಳಾಗಿ ಮಾರ್ಪಡುವ ಕ್ರಿಯೆ ನಮ್ಮಲ್ಲಿ ಮಳೆಗಾಲ ಮುಗಿದು ಹಗಲು ಕಿರಿದಾಗುವ ತಿಂಗಳುಗಳಲ್ಲಿ ನಡೆಯುತ್ತದೆ. ಮೊಗ್ಗು ಕೆಲವು ಮಿಲಿಮೀಟರ್ ಉದ್ದ ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಅಂಟಿನಂತಹ ಸ್ರಾವವೊಂದು ಅದನ್ನು ಆವರಿಸಿರುತ್ತದೆ. ಹೊರನೋಟಕ್ಕೆ ನಿಶ್ಚಲವಾದ ಈ ಸ್ಥಿತಿಗೆ ಸುಪ್ತಾವಸ್ಥೆ ಎಂದು ಹೆಸರು.

ನೀರಿನ ಕೊರತೆಯಿಂದ ಮೊಗ್ಗು ಬೆಳೆಯದೆ ನಿಂತಿದೆ, ನೀರು ದೊರೆತೊಡನೆ ಅರಳುತ್ತದೆ ಎಂದು ತಿಳಿಯುವುದು ಸಹಜ. ಈ ತಿಳಿವಳಿಕೆ ಸಾಲದೆಂಬುದನ್ನು ಸಸ್ಯಕ್ರಿಯಾವಿಜ್ಞಾನಿ ಪಾವ್ಲೊ ಅಲ್ವಿಮ್ 1960ರಲ್ಲಿ ತೋರಿಸಿಕೊಟ್ಟರು. ಎಡೆಬಿಡದೆ ನೀರು ಪಡೆದ ಗಿಡಗಳಲ್ಲಿ ಮೊಗ್ಗುಗಳು ಸುಪ್ತವಾಗಿಯೇ ಉಳಿದವು. ಒಣಗುವಂತೆ ಬಿಟ್ಟು ಅನಂತರ ನೀರುಣಿಸಿದ ಗಿಡಗಳು ಹೂ ಬಿಟ್ಟವು. ಹವಾಯಿಯಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೂ ಗಿಡದ ಜಲಸ್ಥಿತಿ ಒಂದು ನಿರ್ದಿಷ್ಟ ಮಟ್ಟಕ್ಕಿಂತ ಕೆಳಗಿಳಿದ ಮೇಲೆಯೇ ಮೊಗ್ಗು ಮರುನೀರಿಗೆ ಸ್ಪಂದಿಸುತ್ತದೆ ಎಂಬುದನ್ನು ಖಚಿತಪಡಿಸಿತು. ಹೀಗೆ ಒಣಹವೆ ಮೊಗ್ಗನ್ನು ಸಿದ್ಧಗೊಳಿಸುತ್ತದೆ, ಮಳೆ ಅದನ್ನು ಎಚ್ಚರಿಸುತ್ತದೆ. ಈ ಎರಡು ಸೂಚನೆಗಳು ಇದೇ ಕ್ರಮದಲ್ಲಿ ಒದಗಬೇಕು.

ಎಚ್ಚರದ ಕ್ರಿಯಾವಿಧಾನ

ಮಳೆಯ ನಂತರ ಮೊಗ್ಗಿನೊಳಗೆ ನಡೆಯುವ ಬದಲಾವಣೆಗಳು ಶೀಘ್ರವಾದವು. ಬೆಳವಣಿಗೆಯನ್ನು ತಡೆಹಿಡಿಯುವ ಅಬ್ಸಿಸಿಕ್ ಆಮ್ಲದ ಪ್ರಭಾವ ಕುಗ್ಗಿ, ಬೆಳವಣಿಗೆಯನ್ನು ಪ್ರಚೋದಿಸುವ ಜಿಬ್ಬರೆಲಿನ್ನಿನ ಚಟುವಟಿಕೆ ಹೆಚ್ಚುತ್ತದೆ. ಪರಾಗಕೋಶಗಳಲ್ಲಿ ಅಲ್ಲಿಯವರೆಗೆ ತಡೆದು ನಿಂತಿದ್ದ ಮಿಯೋಸಿಸ್ ಎಂಬ ಕೋಶವಿಭಜನೆ ಮುಂದುವರಿಯುತ್ತದೆ. ಮೊಗ್ಗು ನೀರು ಹೀರಿ ಕೆಲವೇ ದಿನಗಳಲ್ಲಿ ತನ್ನ ಉದ್ದದ ಹಲವು ಪಟ್ಟು ಬೆಳೆಯುತ್ತದೆ. ಇತ್ತೀಚಿನ ಸಂಶೋಧನೆಗಳು ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನಿನ ಪಾತ್ರವನ್ನೂ ಸೂಚಿಸುತ್ತವೆ. ಒಣಗಿದ ಬೇರಿನಲ್ಲಿ ಸಂಗ್ರಹವಾದ ಅದರ ಪೂರ್ವವಸ್ತು ಮರುನೀರು ದೊರೆತಾಗ ಮೇಲಕ್ಕೆ ಸಾಗುತ್ತದೆ ಎಂಬುದು ಈ ವಿವರಣೆಯ ಸಾರ. ಮಳೆಯೊಡನೆ ಉಂಟಾಗುವ ಉಷ್ಣತೆಯ ಇಳಿತವೂ ಸಹಾಯಕವೆಂದು ಹೇಳಲಾಗಿದೆ.

ಈ ವ್ಯವಸ್ಥೆಯ ಪ್ರಯೋಜನವೇನು? ಅರೇಬಿಕಾದ ಮೂಲನೆಲೆಯಾದ ಇಥಿಯೋಪಿಯದ ನೈಋತ್ಯ ಮಲೆಗಳಲ್ಲಿಯೂ ಒಣ ಋತುವಿನ ಬೆನ್ನಿಗೆ ಮಳೆಗಾಲ ಬರುತ್ತದೆ. ಮಳೆಯ ಮೊದಲ ಸೂಚನೆಗೆ ಅರಳಿದ ಹೂವಿನ ಕಾಯಿ ತೇವವಿರುವ ತಿಂಗಳುಗಳಲ್ಲಿ ಬೆಳೆಯುತ್ತದೆ. ಮೇಲಾಗಿ ಪ್ರದೇಶದ ಗಿಡಗಳೆಲ್ಲ ಏಕಕಾಲದಲ್ಲಿ ಹೂ ಬಿಡುತ್ತವೆ. ಸ್ವಪರಾಗದಿಂದಲೇ ಕಾಯಿ ಕಟ್ಟಬಲ್ಲ ಅರೇಬಿಕಾಕ್ಕೆ ಇದು ಅನಿವಾರ್ಯವಲ್ಲ. ಆದರೆ ರೋಬಸ್ಟಾ ತನ್ನದೇ ಪರಾಗವನ್ನು ಸ್ವೀಕರಿಸುವುದಿಲ್ಲ. ನೆರೆಯ ಗಿಡದ ಪರಾಗ ಗಾಳಿಯಿಂದಲೋ ಹೆಜ್ಜೇನು, ತುಡುವೆಗಳಿಂದಲೋ ಬರಬೇಕು. ಎಲ್ಲವೂ ಒಟ್ಟಿಗೆ ಅರಳದಿದ್ದರೆ ಅಲ್ಲಿ ಕಾಯಿಯೇ ಇಲ್ಲ.

ಕ್ರಮ ತಪ್ಪಿದಾಗ

ಹೂಮಳೆಗೆ ಸುಮಾರು 25ರಿಂದ 40 ಮಿಲಿಮೀಟರ್, ಅಂದರೆ ಒಂದರಿಂದ ಒಂದೂವರೆ ಇಂಚು ಪ್ರಮಾಣ ಹಿತವೆಂದು ಬೆಳೆಗಾರರ ಲೆಕ್ಕ. ತೀರ ಅಲ್ಪ ಮಳೆ ಬಿದ್ದು ನಿಂತರೆ ಮೊಗ್ಗು ಅರೆ ಎಚ್ಚರಗೊಂಡು ಒಣಗುತ್ತದೆ, ಅಥವಾ ಹಸುರುಬಣ್ಣದ, ಬಿರುಸಾದ, ಕಾಯಿ ಕಟ್ಟದ ವಿಕೃತ ಹೂವಾಗುತ್ತದೆ. ಹೂ ಅರಳಿದ ದಿನವೇ ಮಳೆ ಸುರಿದರೆ ಪರಾಗ ಹಾಳಾಗುತ್ತದೆ. ಡಿಸೆಂಬರ್, ಜನವರಿಯ ಅಕಾಲಿಕ ಮಳೆಯಿಂದ ಒಂದೇ ರೆಂಬೆಯಲ್ಲಿ ಹಣ್ಣು ಮತ್ತು ಹೂ ಜೊತೆಗೂಡುತ್ತವೆ. ಮುಂದಿನ ಫಸಲು ಹಲವು ಹಂತಗಳಲ್ಲಿ ಮಾಗಿ, ಕೊಯ್ಲಿನ ಆಳುಖರ್ಚು ಹೆಚ್ಚುತ್ತದೆ.

ಈ ಅನಿಶ್ಚಿತತೆಗೆ ಪರಿಹಾರವಾಗಿ ರೋಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೂಲಕ ಹೂಮಳೆಯನ್ನು ಕೃತಕವಾಗಿ ಒದಗಿಸುವ ಪದ್ಧತಿ ಬಳಕೆಯಲ್ಲಿದೆ. ಇದಕ್ಕೆ ಎರಡು ಮಿತಿಗಳಿವೆ. ಮೊದಲನೆಯದು, ಗಿಡ ಸಾಕಷ್ಟು ಒಣಗುವ ಮೊದಲೇ ನೀರು ಹಾಯಿಸಿದರೆ ಸಿದ್ಧವಾಗಿರದ ಮೊಗ್ಗುಗಳು ಸ್ಪಂದಿಸುವುದಿಲ್ಲ. ಹೂ ಬಿಡಿಬಿಡಿಯಾಗಿ ಬರುತ್ತದೆ. ಎರಡನೆಯದು, ಕೆರೆ ಮತ್ತು ಹೊಳೆಗಳಲ್ಲಿ ನೀರು ಇಳಿದಿರುವ ತಿಂಗಳುಗಳಲ್ಲಿಯೇ ಈ ನೀರನ್ನು ಎತ್ತಬೇಕಾಗುತ್ತದೆ. ಮೋಡವು ಕೊಡುತ್ತಿದ್ದುದನ್ನು ಹೊಳೆಯಿಂದ ಪಡೆಯುವಾಗ ಆ ವೆಚ್ಚ ತೋಟದ ಲೆಕ್ಕಪುಸ್ತಕದಲ್ಲಿ ಪೂರ್ತಿ ಕಾಣುವುದಿಲ್ಲ.

ದಾಖಲೆಗಳ ಮಹತ್ವ

ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಪ್ರಯೋಗಕೇಂದ್ರವು ಮುಂದೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದು, ಈ ಬೆಳೆಯ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದೆ. ಇದರ ಜೊತೆಗೆ ಗಮನಿಸಬೇಕಾದ ಇನ್ನೊಂದು ಆಕರವಿದೆ. ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟ ಮಳೆಪುಸ್ತಕಗಳಿವೆ. ಅವನ್ನು ಸಾಮಾನ್ಯವಾಗಿ ಮಳೆಯ ಮೊತ್ತಕ್ಕಾಗಿ ಮಾತ್ರ ನೋಡಲಾಗುತ್ತದೆ. ಮೇಲಿನ ವಿವೇಚನೆಯ ಪ್ರಕಾರ, ಒಂದು ಮಳೆಗೂ ಮತ್ತೊಂದು ಮಳೆಗೂ ನಡುವೆ ಖಾಲಿ ಬಿಟ್ಟ ಸಾಲುಗಳೂ ಅಷ್ಟೇ ಮುಖ್ಯವಾದ ಮಾಹಿತಿ. ಮೊಗ್ಗು ಎಷ್ಟು ದಿನ ಒಣಹವೆಯಲ್ಲಿ ಕಾದಿತ್ತು, ಆ ಅವಧಿ ಯಾವ ಯಾವ ವರ್ಷ ಮಧ್ಯದಲ್ಲಿ ತುಂಡಾಯಿತು ಎಂಬುದನ್ನು ಅವು ಹೇಳಬಲ್ಲವು. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಅಂತಹ ಪುಸ್ತಕಗಳನ್ನು ಹುಡುಕಿ, ಪ್ರತಿ ಮಾಡಿಸಿ, ಗ್ರಂಥಾಲಯಗಳಲ್ಲಿ ಕಾಪಿಡಬೇಕಾಗಿದೆ. ಮನೆ ಬದಲಾದಾಗ, ತೋಟ ಕೈಬದಲಾದಾಗ ಮೊದಲು ಮೂಲೆಸೇರುವವು ಇಂತಹ ಹಳೆಯ ಕಾಗದಗಳೇ ಆಗಿವೆ.